ಮಿಕ್ಲಾತ್ ಎಂಬ ಬೋರ್ಡು: ಆಶ್ರಯ ನಗರಗಳ ಹಾದಿಯಲ್ಲಿ ಆರು ದಿನ

ಭಾನುವಾರ

ಜೆರುಸಲೇಮಿನಲ್ಲಿ ಬಸ್ಸಿಳಿದಾಗ ಮಧ್ಯಾಹ್ನ. ಅಕ್ಕ ಸ್ಟಾಪಿನಲ್ಲೇ ಕಾಯುತ್ತಿದ್ದಳು. ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಉಡುಪಿ, ಮಂಗಳೂರು ಕಡೆಯಿಂದ ಇಸ್ರೇಲಿಗೆ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದವರು ಎಷ್ಟೋ ಜನ. ಅವರಲ್ಲಿ ಇವಳೂ ಒಬ್ಬಳು. ಹೀಬ್ರೂವನ್ನು ನಮ್ಮ ತುಳುವಿನಷ್ಟೇ ಸಲೀಸಾಗಿ ಮಾತಾಡುತ್ತಾಳೆ. ಇದು ಕೋವಿಡ್‌ಗೆ ಮುಂಚಿನ ಮಾತು.

ಮನೆಗೆ ನಡೆಯುವಾಗ ಒಂದು ಗೋಡೆಯ ಮೇಲೆ ಬಾಣದ ಗುರುತಿದ್ದ ಬೋರ್ಡು ತೋರಿಸಿದಳು. "ಮಿಕ್ಲಾತ್ ಅಂತ ಬರೆದಿದೆ. ಸೈರನ್ ಆದರೆ ಇದರೊಳಗೆ ಓಡಬೇಕು. ನೋಡಿಟ್ಟುಕೊ ಮಾರಾಯ." ಬಾಂಬ್ ಬಿದ್ದಾಗ ಜನ ಅಡಗುವ ನೆಲಮಾಳಿಗೆ. ನಾನು ತಲೆಯಾಡಿಸಿದೆ, ಮರೆತೆ.

ಅಕ್ಕ ನೋಡಿಕೊಳ್ಳುವ ಅಜ್ಜನಿಗೆ ತೊಂಬತ್ತರ ಹತ್ತಿರ. ಗಾಲಿಕುರ್ಚಿ. ಮೊದಲು ಮೇಷ್ಟ್ರಾಗಿದ್ದರಂತೆ, ಯಹೂದಿ ಕಾನೂನಿನ ಚರ್ಚೆಗಳ ಗ್ರಂಥ ತಾಲ್ಮುದ್ ಕಲಿಸುತ್ತಿದ್ದರಂತೆ. ನಾನು ತಂದ ಕುಚ್ಚಲಕ್ಕಿಯನ್ನು ಮೂಸಿ ನೋಡಿ ಮೆಚ್ಚಿದರು. ಒಣ ಸಿಗಡಿಯ ಪೊಟ್ಟಣವನ್ನು ಅಕ್ಕ ಅವರ ಕಣ್ಣಿಗೆ ಬೀಳದ ಹಾಗೆ ಗೆಳತಿಯ ಮನೆಗೆ ಸಾಗಿಸಿದಳು. ಯಹೂದಿ ಅಡುಗೆಮನೆಯೊಳಗೆ ಸಿಗಡಿ ಬರುವ ಹಾಗಿಲ್ಲ.

"ಏನು ಕೆಲಸ?" ಅಜ್ಜ ಕೇಳಿದರು. ವಕೀಲ ಅಂದೆ. "ಯಾವ ಕೇಸು?" ಅಪಘಾತದ ಕೇಸುಗಳೇ ಜಾಸ್ತಿ ಅಂದೆ. ಅವರ ಮುಖ ಅರಳಿತು.

ಅವರಿಗೆ ಒಂದು ಕೇಸು ಹೇಳಬೇಕಾಯಿತು. ನನ್ನ ಕಕ್ಷಿದಾರನೊಬ್ಬ ಟೆಂಪೋ ಓಡಿಸುತ್ತಿದ್ದ. ಮನೆಯ ಮುಂದೆ ರಿವರ್ಸ್ ತೆಗೆಯುವಾಗ ಪಕ್ಕದ ಮನೆಯ ಮಗು ಚಕ್ರಕ್ಕೆ ಸಿಕ್ಕಿತು. ಆಗಿನ ದಂಡ ಸಂಹಿತೆಯ 304ಎ ಕೇಸು, ಅಂದರೆ ನಿರ್ಲಕ್ಷ್ಯದಿಂದ ಸಾವು. ನಿರ್ಲಕ್ಷ್ಯ ಸಾಬೀತಾಗಲಿಲ್ಲ, ಬಿಡುಗಡೆಯಾಯಿತು.

"ಬಿಡುಗಡೆಯಾದವನು ಎಲ್ಲಿಗೆ ಹೋದ?" ಅಂದರು ಅಜ್ಜ.

ಮನೆಗೆ ಹೋದ, ಮತ್ತೆಲ್ಲಿಗೆ? ಪಕ್ಕದ ಮನೆಯವರು ದಿನಾ ಅವನನ್ನು ನೋಡುತ್ತಿದ್ದರು. ಅವನು ಅವರನ್ನು ನೋಡುತ್ತಿರಲಿಲ್ಲ. ಆರೇಳು ತಿಂಗಳ ಮೇಲೆ ಮನೆ ಬೀಗ ಹಾಕಿಕೊಂಡು ಹೋದ ಅಂತ ಕೇಳಿದ್ದೆ. ಎಲ್ಲಿಗೆ ಅಂತ ನಾನು ವಿಚಾರಿಸಲೇ ಇಲ್ಲ. ಫೈಲು ಮುಗಿದಿತ್ತಲ್ಲ.

ಅಜ್ಜ ಅಕ್ಕನಿಂದ ಒಂದು ಪುಸ್ತಕ ತರಿಸಿದರು. ಮಿಶ್ನಾ, ಅದರಲ್ಲಿ ಮಕ್ಕೋತ್ ಎಂಬ ಭಾಗ, ಎರಡನೇ ಅಧ್ಯಾಯ. ಸುಮಾರು ಕ್ರಿ.ಶ. 200ರ ಹೊತ್ತಿಗೆ ರಬ್ಬಿಗಳು, ಅಂದರೆ ಯಹೂದಿ ಧರ್ಮಪಂಡಿತರು, ಬಾಯಿಪಾಠದಲ್ಲಿದ್ದ ಕಾನೂನನ್ನು ಒಟ್ಟು ಮಾಡಿದ ಗ್ರಂಥ ಅದು. ಅವರು ಓದುತ್ತಿದ್ದರು, ಅಕ್ಕ ಕನ್ನಡ ಮಾಡುತ್ತಿದ್ದಳು, ಮಧ್ಯೆ ಮಧ್ಯೆ ಕುಕ್ಕರಿನ ಸೀಟಿ.

ಒಬ್ಬ ಮಾಡಿನ ಗಾರೆಯ ಮೇಲೆ ರೋಲರ್ ತಳ್ಳುತ್ತಿದ್ದಾನೆ. ಅದು ಜಾರಿ ಕೆಳಗಿದ್ದವನ ಮೇಲೆ ಬಿತ್ತು, ಅವನು ಸತ್ತ. ಕೊಂದವನು ಆಶ್ರಯ ನಗರಕ್ಕೆ, ಅಂದರೆ ತಪ್ಪಿ ಕೊಂದವರನ್ನು ಕಾಯುವ ಊರಿಗೆ, ಗಡಿಪಾರು. ಆದರೆ ರೋಲರನ್ನು ತನ್ನ ಕಡೆಗೆ ಎಳೆದುಕೊಳ್ಳುವಾಗ ಬಿದ್ದರೆ ಗಡಿಪಾರಿಲ್ಲ. ಹಂಡೆ ಕೆಳಗೆ ಇಳಿಸುವಾಗ ಬಿದ್ದರೆ ಗಡಿಪಾರು, ಮೇಲೆ ಎತ್ತುವಾಗ ಹಗ್ಗ ಹರಿದರೆ ಇಲ್ಲ. ಏಣಿ ಇಳಿಯುವಾಗ ಒಬ್ಬನ ಮೇಲೆ ಬಿದ್ದರೆ ಗಡಿಪಾರು, ಹತ್ತುವಾಗ ಬಿದ್ದರೆ ಇಲ್ಲ. ಕೆಳಮುಖದ ಕೆಲಸದಲ್ಲಿ ಏನಾದರೂ ಬೀಳಬಹುದು ಅಂತ ಗೊತ್ತಿರಬೇಕು, ಎಚ್ಚರ ಇರಬೇಕು. ನಾನು ಹಾಗೆ ಅರ್ಥ ಮಾಡಿಕೊಂಡೆ. ರಬ್ಬಿಗಳು ಮಾತ್ರ ಬೈಬಲಿನ ಒಂದೇ ಒಂದು ಪದವನ್ನು, 'ಬೀಳಿಸಿದ' ಎಂಬುದನ್ನು, ಹಿಂಡಿ ಇದನ್ನು ತೆಗೆದಿದ್ದಾರೆ.

"ನಿನ್ನ ಟೆಂಪೋದವನು ರಿವರ್ಸ್ ಬರುತ್ತಿದ್ದ ಅಂದೆಯಲ್ಲ," ಅಜ್ಜ ಕಣ್ಣು ಮುಚ್ಚಿದರು. "ಅದು ಎಳೆಯುವುದೋ, ತಳ್ಳುವುದೋ?"

ಅಕ್ಕ ಅಂದಳು, "ಊಟಕ್ಕೆ ಬನ್ನಿ, ಇವರು ರಾತ್ರಿಯಿಡೀ ಬಿಡುವುದಿಲ್ಲ."

ನಮ್ಮದು ಬಾಸೆಲ್ ಮಿಶನ್ನಿನ ಹಳೆಯ ಕ್ರೈಸ್ತ ಕುಟುಂಬ. ಸಂಡೇ ಸ್ಕೂಲಿನಲ್ಲಿ ಆರೂ ಆಶ್ರಯ ನಗರಗಳ ಹೆಸರು ಬಾಯಿಪಾಠ ಮಾಡಿಸಿದ್ದರು. ಯೊರ್ದನ್ ಹೊಳೆಯ ಈಚೆ ಹೆಬ್ರೋನ್, ಶೆಕೆಮ್, ಕೆದೆಷ್. ಆಚೆ ಬೆಚೆರ್, ರಾಮೋತ್, ಗೋಲಾನ್. ಹೆಸರುಗಳು ಬೈಬಲಿನ ಯೆಹೋಶುವನ ಪುಸ್ತಕದ 20ನೇ ಅಧ್ಯಾಯದಲ್ಲಿವೆ, ಕಾನೂನು ಬೈಬಲಿನ ಅರಣ್ಯಕಾಂಡದ 35ನೇ ಅಧ್ಯಾಯದಲ್ಲಿ. ಸತ್ತವನ ಹತ್ತಿರದ ನೆಂಟ ರಕ್ತಕ್ಕೆ ರಕ್ತ ತೀರಿಸಲು ಬೆನ್ನು ಹತ್ತುತ್ತಾನೆ. ಅವನಿಗೆ ಹೀಬ್ರೂವಿನಲ್ಲಿ 'ಗೊಯೆಲ್ ಹದ್ದಾಮ್' ಅನ್ನುತ್ತಾರೆ. ತಪ್ಪಿ ಕೊಂದವನು ಅವನ ಕೈಗೆ ಸಿಗುವ ಮೊದಲು ಈ ಊರುಗಳಲ್ಲಿ ಒಂದನ್ನು ಮುಟ್ಟಬೇಕು. ಈಚೆಯ ಮೂರನ್ನಾದರೂ ನೋಡಿಕೊಂಡು ಹೋಗುವುದು ನನ್ನ ಯೋಜನೆ.

ಮಲಗುವಾಗ ಅಜ್ಜ ಕೂಗಿ ಹೇಳಿದರು. ಆ ಊರುಗಳಿಗೆ ಹೀಬ್ರೂವಿನಲ್ಲಿ 'ಮಿಕ್ಲಾತ್'ನ ಊರುಗಳು ಅಂತ ಹೆಸರು. ಕವಲು ದಾರಿ ಬಂದಲ್ಲೆಲ್ಲ 'ಮಿಕ್ಲಾತ್' ಅಂತ ಬರೆದ ಬೋರ್ಡು ನಿಲ್ಲಿಸುತ್ತಿದ್ದರು ಎಂದು ತಾಲ್ಮುದ್ ಹೇಳುತ್ತದೆ. ಹಗಲು ಅಕ್ಕ ತೋರಿಸಿದ ಬೋರ್ಡು ಆಗ ನೆನಪಾಯಿತು.

ಸೋಮವಾರ

ಹೆಬ್ರೋನಿಗೆ ಹೋದ ಬಸ್ಸಿನ ಕಿಟಕಿಗಳು ಗುಂಡು ತಾಗದ ದಪ್ಪ ಗಾಜಿನವು. ಹೊರಗಿನ ದ್ರಾಕ್ಷಿ ತೋಟಗಳು ಅದರಲ್ಲಿ ಸ್ವಲ್ಪ ಅಲುಗಿದಂತೆ ಕಾಣುತ್ತಿದ್ದವು.

ಅಬ್ರಹಾಮ ಮೊದಲಾದ ಮೂಲಪಿತೃಗಳ ಸಮಾಧಿ ಎಂದು ನಂಬುವ ಗುಹೆಯ ಮೇಲೆ ಹೆರೋದನ ಕಾಲದ ಕಲ್ಲಿನ ಕೋಟೆಗೋಡೆ ಇನ್ನೂ ಗಟ್ಟಿಯಾಗಿ ನಿಂತಿದೆ. ಒಳಗೆ ಒಂದು ಭಾಗ ಮಸೀದಿ, ಇನ್ನೊಂದು ಸಿನಗಾಗ್. ಪ್ರವಾಸಿಯಾದ್ದರಿಂದ ಎರಡೂ ಕಡೆ ಹೋಗಿ ಬಂದೆ. 1929ರಲ್ಲಿ ಈ ಊರಿನಲ್ಲಿ 67 ಯಹೂದಿಗಳನ್ನು ಕೊಂದರು. 1994ರಲ್ಲಿ ಒಬ್ಬ ಯಹೂದಿ ಇದೇ ಕಟ್ಟಡದೊಳಗೆ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. 1997ರಿಂದ ಊರನ್ನೇ ಎರಡು ಭಾಗ ಮಾಡಿದ್ದಾರೆ. ಬಾಗಿಲು ಹಾಕಿದ ಅಂಗಡಿಗಳ ಸಾಲಿನಲ್ಲಿ ನಡೆಯುವಾಗ ನನ್ನ ಹೆಜ್ಜೆಯ ಸದ್ದೇ ಜಾಸ್ತಿ ಕೇಳುತ್ತಿತ್ತು.

ನಾನು ಮುಖ್ಯವಾಗಿ ನೋಡಬೇಕೆಂದಿದ್ದು ಅಬ್ನೇರನ ಸಮಾಧಿ. ಗುಹೆಯ ಹತ್ತಿರವೇ ಇದೆ. ಬಾಗಿಲು ಹಾಕಿತ್ತು. ಹೊರಗೇ ನಿಂತೆ.

ಕಥೆ ಹೀಗೆ. ಯುದ್ಧದಲ್ಲಿ ಸೋತು ಓಡುತ್ತಿದ್ದ ಅಬ್ನೇರನನ್ನು ಅಸಾಹೇಲ ಎಂಬ ಹುಡುಗ ಅಟ್ಟಿಸಿಕೊಂಡು ಬಂದ. "ಬಿಟ್ಟು ಹೋಗು" ಅಂತ ಅಬ್ನೇರ ಎರಡು ಸಲ ಹೇಳಿದ. ಕೇಳಲಿಲ್ಲ. ಈಟಿಯ ಹಿಂತುದಿಯಿಂದ ತಿವಿದ, ಹುಡುಗ ಸತ್ತ. ಅಸಾಹೇಲನ ಅಣ್ಣ ಯೋವಾಬ ಆಮೇಲೆ ಅಬ್ನೇರನನ್ನು ಹೆಬ್ರೋನಿನ ಊರಬಾಗಿಲಲ್ಲಿ ಗುಟ್ಟಾಗಿ ಮಾತಾಡಬೇಕು ಅಂತ ಪಕ್ಕಕ್ಕೆ ಕರೆದು, ಹೊಟ್ಟೆಗೆ ಇರಿದು ಕೊಂದ. ಆಶ್ರಯ ನಗರದ ಬಾಗಿಲಲ್ಲೇ! ಇನ್ನು ನಾಲ್ಕು ಹೆಜ್ಜೆ ಒಳಗಿದ್ದರೆ ಅಂತ ನಮ್ಮ ಪಾದ್ರಿಯವರು ಪ್ರಸಂಗದಲ್ಲಿ ಹೇಳುತ್ತಿದ್ದರು.

ಸಂಜೆ ಇದನ್ನು ಅಜ್ಜನಿಗೆ ಹೇಳಿದರೆ ಅವರಿಗೆ ಪ್ರಸಂಗದಲ್ಲಿ ಆಸಕ್ತಿ ಇಲ್ಲ. ಕೇಸಿನಲ್ಲಿ ಆಸಕ್ತಿ. ಬೈಬಲಿನಲ್ಲಿ ಸೊಲೊಮೋನ ಯೋವಾಬನನ್ನು ಸುಮ್ನೆ ಕೊಲ್ಲಿಸುತ್ತಾನೆ. ತಾಲ್ಮುದ್ ಹಾಗೆ ಬಿಡುವುದಿಲ್ಲ, ಅವನಿಗೆ ಒಂದು ವಿಚಾರಣೆ ನಡೆಸುತ್ತದೆ. ಸೊಲೊಮೋನನ ಸವಾಲು, ಯೋವಾಬನ ಜವಾಬು.

ಅಬ್ನೇರನನ್ನು ಯಾಕೆ ಕೊಂದೆ? ನಾನು ಅಸಾಹೇಲನ ರಕ್ತಕ್ಕೆ ಹಕ್ಕುದಾರ. ಅಸಾಹೇಲ ಕೊಲ್ಲಲು ಅಟ್ಟಿಸಿಕೊಂಡು ಹೋದವನಲ್ಲವೇ, ಅವನನ್ನು ತಡೆಯುವ ಹಕ್ಕು ಅಬ್ನೇರನಿಗಿತ್ತು. ಕೈಯೋ ಕಾಲೋ ಗಾಯ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಗುರಿ ಸಿಗಲಿಲ್ಲವೇನೋ. ಐದನೇ ಪಕ್ಕೆಲುಬಿಗೆ ಸರಿಯಾಗಿ ಗುರಿ ಸಿಕ್ಕವನಿಗೆ ಕಾಲಿಗೆ ಸಿಗಲಿಲ್ಲವೇ?

ನಾನು ಕೂತಲ್ಲಿಂದ ಎದ್ದುಬಿಟ್ಟೆ. ಇದು ನಮ್ಮ ಆಗಿನ ದಂಡ ಸಂಹಿತೆಯ 99ನೇ ಕಲಮು! ಆತ್ಮರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಪೆಟ್ಟು, ಹೆಚ್ಚಿಲ್ಲ. ಯೋವಾಬನ ವಾದ ಗೆದ್ದಿತು. "ಅಬ್ನೇರನ ವಿಷಯ ಬಿಡು" ಅಂದ ಸೊಲೊಮೋನ. ಆಮೇಲೆ ಯೋವಾಬನೇ ಕೊಂದಿದ್ದ ಇನ್ನೊಬ್ಬ ಸೇನಾಪತಿ ಅಮಾಸನ ಕೊಲೆಯ ಲೆಕ್ಕ ತೆಗೆದ. ಅದರಲ್ಲಿ ಯೋವಾಬ ಉಳಿಯಲಿಲ್ಲ.

ಮಂಗಳವಾರ

ರಾಮಲ್ಲಾದಿಂದ ನಾಬ್ಲುಸಿಗೆ ಹಳದಿ ಶೇರ್ ಟ್ಯಾಕ್ಸಿ. ಗೆರಿಜೀಮ್ ಮತ್ತು ಏಬಾಲ್ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಊರು. ಹಳೆಯ ಶೆಕೆಮ್ ಇರುವುದು ಊರಿನ ಪೂರ್ವ ತುದಿಯಲ್ಲಿ, ತೆಲ್ ಬಲಾಟಾ ಎಂಬ ದಿಬ್ಬದಲ್ಲಿ. ಜರ್ಮನಿಯ ಅರ್ನ್ಸ್ಟ್ ಸೆಲ್ಲಿನ್ 1913ರಲ್ಲಿ ಇಲ್ಲಿ ಅಗೆಯಲು ಶುರುಮಾಡಿದರು. ದೊಡ್ಡ ದೊಡ್ಡ ಬಂಡೆಗಳ ಕೋಟೆಗೋಡೆ, ಹೆಬ್ಬಾಗಿಲು, ದೇವಾಲಯದ ಅಡಿಪಾಯ. ಸುತ್ತ ಮನೆಗಳು. ಬಟ್ಟೆ ಒಣಗಿಸಿದ್ದರು.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಬಲಾಟಾ ನಿರಾಶ್ರಿತರ ಶಿಬಿರ. 1950ರಲ್ಲಿ ಶುರುವಾದದ್ದು, ಇನ್ನೂ ಇದೆ. ಆಶ್ರಯ ನಗರದ ಮಗ್ಗುಲಲ್ಲೇ ಅದು. ಅದರ ಬಗ್ಗೆ ನಾನು ಜಾಣತನದ ಮಾತು ಹೇಳಲು ಹೋಗುವುದಿಲ್ಲ. ಗಲ್ಲಿಗಳು ಎಷ್ಟು ಕಿರಿದು ಅಂದರೆ ಎದುರಿನವರು ಬಂದಾಗ ನಾನು ಗೋಡೆಗೆ ಒರಗಿ ನಿಲ್ಲಬೇಕಾಯಿತು.

ನಾನು ಯೋಚಿಸುತ್ತಿದ್ದದ್ದು ದಾರಿಯ ಅಗಲ. ಆಶ್ರಯ ನಗರಕ್ಕೆ ಹೋಗುವ ದಾರಿ 32 ಮೊಳ ಅಗಲ ಇರಬೇಕು ಎಂದು ತಾಲ್ಮುದಿನ ಲೆಕ್ಕ. ಸುಮಾರು 15 ಮೀಟರು! ಮಾಮೂಲಿ ಹೆದ್ದಾರಿಗೆ 16 ಮೊಳ ಸಾಕು. ಓಡುವವನಿಗೆ ಅದರ ಎರಡರಷ್ಟು. ಬೈಬಲಿನ ಧರ್ಮೋಪದೇಶಕಾಂಡದಲ್ಲಿ 'ದಾರಿಯನ್ನು ಸಿದ್ಧಪಡಿಸಬೇಕು' ಅಂತ ಹೀಬ್ರೂವಿನ ಮೂರು ಪದ ಇದ್ದದ್ದೇ ಸಾಕಾಯಿತು. ರಬ್ಬಿಗಳು ಅದರೊಳಗಿಂದ ರಸ್ತೆ ಅಗಲ ಮಾಡಿದರು, ಬೋರ್ಡು ಹಾಕಿದರು. ದಾರಿಯುದ್ದಕ್ಕೂ ಜೊತೆಗಿರಲು ಇಬ್ಬರು ವಿದ್ವಾಂಸರನ್ನು ಕಳಿಸಿದರು. ಸೇಡಿನವನು ದಾರಿಯಲ್ಲಿ ಎದುರಾದರೆ ಇವರು ಅವನ ಹತ್ತಿರ ಮಾತಾಡಬೇಕು. ಕತ್ತಿ ಹಿಡಿದವನಿಗೆ ಎದುರು ಇಬ್ಬರು ಮೇಷ್ಟ್ರುಗಳು. ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಇನ್ನೊಂದು ಮಾತು ವಕೀಲರು ಗಮನಿಸಬೇಕು. ಮಿಶ್ನಾದ ಪ್ರಕಾರ ಬೇಕೆಂದೇ ಕೊಂದವನೂ ಮೊದಲು ಆಶ್ರಯ ನಗರಕ್ಕೇ ಓಡುತ್ತಾನೆ. ಅಲ್ಲಿಂದ ಕೋರ್ಟು ಕರೆಸುತ್ತದೆ. ಸಾವಿಗೆ ತಕ್ಕವನಿಗೆ ಸಾವು, ನಿರ್ದೋಷಿಗೆ ಬಿಡುಗಡೆ, ಗಡಿಪಾರಿಗೆ ತಕ್ಕವನು ವಾಪಸ್ ಆಶ್ರಯ ನಗರಕ್ಕೆ. ಅಂದರೆ ಆ ಊರು ಒಂದು ರೀತಿಯಲ್ಲಿ ನಿರೀಕ್ಷಣಾ ಜಾಮೀನು. ಸೇಡಿನವನ ಕೋಪ ಬಿಸಿಯಿರುವಾಗ ಕೇಸು ಅವನ ಕೈ ತಪ್ಪಿ ನ್ಯಾಯಾಧೀಶರ ಕೈಗೆ ಬರುತ್ತದೆ.

ದಿಬ್ಬದ ಕಾವಲಿನವರು ಚಹಾ ಕೊಟ್ಟರು. ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಅರಬ್ ಹಳ್ಳಿಗಳಲ್ಲಿ ಈಗಲೂ ಕೊಲೆಯಾದರೆ ಹಿರಿಯರು ಓಡಿ ಬಂದು 'ಅತ್ವಾ' ಮಾಡಿಸುತ್ತಾರಂತೆ, ಅಂದರೆ ಇಷ್ಟು ದಿನ ಯಾರೂ ಯಾರನ್ನೂ ಮುಟ್ಟಬಾರದು ಅಂತ. ಕೊಂದವನ ಕಡೆಯವರು ಊರು ಬಿಟ್ಟು ಹೋಗಬೇಕು, ಅದು 'ಜಲ್ವಾ'. ಕೊನೆಗೆ 'ಸುಲ್ಹಾ', ಕೈ ಕುಲುಕಿ, ಕಹಿ ಕಾಫಿ ಕುಡಿದು, ಒಟ್ಟಿಗೆ ಊಟ. ಪರಿಹಾರದ ಹಣವೂ ಇರುತ್ತದೆ. ಇಲ್ಲಿ ಎರಡು ಸಂಪ್ರದಾಯ ಬೇರೆಯಾಗುತ್ತವೆ. ಕೊಲೆಗಾರನ ಪ್ರಾಣಕ್ಕೆ ಈಡಾಗಿ ದುಡ್ಡು ತೆಗೆದುಕೊಳ್ಳಲೇಬಾರದು ಅಂತ ಅರಣ್ಯಕಾಂಡ ಕಡ್ಡಾಯ ಮಾಡುತ್ತದೆ.

ರಬ್ಬಿಗಳು ಆ ಸಾಲನ್ನೇ ತಿರುಗಿಸಿ ಹಿಡಿದದ್ದು ನೋಡಿ. ಪ್ರಾಣಕ್ಕೆ ದುಡ್ಡು ಬೇಡ ಅಂದರೆ ಏನರ್ಥ? ಕಣ್ಣು, ಕೈ, ಕಾಲಿಗೆ ದುಡ್ಡು ತೆಗೆದುಕೊಳ್ಳಬಹುದು ಅಂತ! 'ಕಣ್ಣಿಗೆ ಕಣ್ಣು' ಅಲ್ಲಿಗೆ ಪರಿಹಾರಧನವಾಯಿತು. ಒಬ್ಬನ ಕಣ್ಣು ದೊಡ್ಡದು, ಇನ್ನೊಬ್ಬನದು ಚಿಕ್ಕದು, ಸಮ ಹೇಗಾಗುತ್ತದೆ ಅಂತಲೂ ಒಬ್ಬ ರಬ್ಬಿ ಕೇಳಿದ್ದಾರೆ. ಮಿಶ್ನಾ ಐದು ಬಾಬ್ತು ಹೇಳುತ್ತದೆ: ಅಂಗಹಾನಿ, ನೋವು, ಔಷಧದ ಖರ್ಚು, ಕೆಲಸ ತಪ್ಪಿದ್ದು, ಅವಮಾನ. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ನಾನು ಬರೆಯುವ ಅರ್ಜಿಯಲ್ಲಿ ಮೊದಲ ನಾಲ್ಕೂ ಇರುತ್ತವೆ. ಅವಮಾನದ ಕಾಲಂ ನಮ್ಮಲ್ಲಿಲ್ಲ.

ನಾಬ್ಲುಸಿನಲ್ಲಿ ಕುನಾಫಾ ತಿನ್ನದೆ ಬರಬೇಡಿ. ಬಿಸಿ ಚೀಸಿನ ಮೇಲೆ ಸಕ್ಕರೆ ಪಾಕ. ನಾನು ಎರಡು ಸಲ ತಿಂದೆ.

ಬುಧವಾರ

ತಿಬೇರಿಯಕ್ಕೆ ಬಸ್ಸು ಯೊರ್ದನ್ ಕಣಿವೆಯಲ್ಲಿ ಹೋಗುತ್ತದೆ. ಬಲಗಡೆ ಹೊಳೆಯಾಚೆ ಗಿಲ್ಯಾದಿನ ಬೆಟ್ಟಗಳು. ಆಚೆಯ ಮೂರು ಆಶ್ರಯ ನಗರಗಳು ಇಂದಿನ ಜೋರ್ಡಾನ್, ಸಿರಿಯಾ ಕಡೆ ಬರುತ್ತವೆ. ಆಚೆ ಇದ್ದದ್ದು ಎರಡೂವರೆ ಕುಲ, ಈಚೆ ಒಂಬತ್ತೂವರೆ. ಇಬ್ಬರಿಗೂ ಮೂರು ಮೂರು ಯಾಕೆ? ಗಿಲ್ಯಾದಿನಲ್ಲಿ ಕೊಲೆಗಾರರು ಜಾಸ್ತಿ ಅಂತ ತಾಲ್ಮುದಿನ ಉತ್ತರ, ಪ್ರವಾದಿ ಹೋಶೇಯನ ಮಾತೇ ಆಧಾರ. ಆದರೆ ಆಶ್ರಯ ಇರುವುದು ತಪ್ಪಿ ಕೊಂದವರಿಗಲ್ಲವೇ? ಹಳೆಯ ವ್ಯಾಖ್ಯಾನಕಾರರೂ ಇದನ್ನು ಕೇಳಿದ್ದಾರೆ. ಬೇಕೆಂದು ಕೊಂದವನೂ 'ಗೊತ್ತಿಲ್ಲದೆ ಆಯ್ತು' ಅಂತಲೇ ಹೇಳಿಕೊಂಡು ಬರುತ್ತಾನೆ ಎಂಬುದು ಒಂದು ಉತ್ತರ. ಮೂವತ್ತು ವರ್ಷ ಕೋರ್ಟು ನೋಡಿದ ನನಗೆ ವಿವರಣೆ ಬೇಕಾಗಲಿಲ್ಲ.

ತಿಬೇರಿಯದಲ್ಲಿ ಯಹೂದಿ ಕಾನೂನಿನ ದೊಡ್ಡ ಪಂಡಿತ ಮೈಮೋನಿಡೀಸರ ಸಮಾಧಿ. 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡವರು. ತಪ್ಪಿ ಕೊಂದವರಲ್ಲಿ ಮೂರು ಬಗೆ ಅಂತ ಇವರು ಬಿಡಿಸಿಟ್ಟರು. ಒಂದು, ಎಚ್ಚರ ತಪ್ಪಿದ್ದು, ಇವನಿಗೆ ಗಡಿಪಾರು. ಎರಡನೆಯದು ಯಾರ ಕೈಯಲ್ಲೂ ಇಲ್ಲದ್ದು, ಇವನಿಗೆ ಏನೂ ಇಲ್ಲ. ಮೂರನೆಯದು ಬೇಕೆಂದು ಮಾಡಿದ್ದಕ್ಕೆ ಹತ್ತಿರವಾದ ಬೇಜವಾಬ್ದಾರಿ. ಇವನನ್ನು ಆಶ್ರಯ ನಗರವೂ ಕಾಯುವುದಿಲ್ಲ. ನಮ್ಮ ಆಗಿನ 304ಎ ಇವರಲ್ಲಿ ಮೊದಲನೆಯವನಿಗೂ ಮೂರನೆಯವನಿಗೂ ಒಂದೇ ಕೋಣೆ ಕೊಡುತ್ತಿತ್ತು, ಹೆಚ್ಚೆಂದರೆ ಎರಡು ವರ್ಷ.

ಬೆಟ್ಟದ ಮೇಲೆ ರಬ್ಬಿ ಅಕೀವಾ ಅವರದೆಂದು ನಂಬುವ ಸಮಾಧಿ. ಏಳು ವರ್ಷಕ್ಕೆ ಒಬ್ಬನಿಗೆ ಮರಣದಂಡನೆ ಕೊಟ್ಟ ನ್ಯಾಯಸಭೆಯೂ ನಾಶಕಾರಿ ಎನ್ನುತ್ತದೆ ಮಿಶ್ನಾ. ಎಪ್ಪತ್ತು ವರ್ಷಕ್ಕೆ ಒಬ್ಬನನ್ನು ಕೊಂದರೂ ಹಾಗೇ ಅಂದರು ಇನ್ನೊಬ್ಬರು. ನಾವಿದ್ದಿದ್ದರೆ ಒಬ್ಬನೂ ಸಾಯುತ್ತಿರಲಿಲ್ಲ ಅಂದರು ಅಕೀವಾ ಮತ್ತು ತರ್ಫೋನ್. ಹೇಗೆ? ಸಾಕ್ಷಿಗಳನ್ನು ಕೇಳುತ್ತಿದ್ದರಂತೆ: ಸತ್ತವನಿಗೆ ಮೊದಲೇ ಸಾಯುವಂಥ ಗಾಯ ಇತ್ತೋ ಇಲ್ಲವೋ ನೋಡಿದಿರಾ? ಇಲ್ಲ, ಅವನು ಗಟ್ಟಿಯಾಗಿದ್ದ ಅಂದರೆ, ಕತ್ತಿ ಹೊಕ್ಕ ಜಾಗದಲ್ಲೇ ಮೊದಲು ತೂತು ಇತ್ತೋ ಏನೋ! ಇಂಥ ಪಾಟೀ ಸವಾಲನ್ನು ನಾನು ಹಾಕಿದರೆ ಜಡ್ಜು ಕನ್ನಡಕ ತೆಗೆದು ನೋಡುತ್ತಾರೆ. ಅಕೀವಾ ಮಾತಿಗೆ ಉತ್ತರವೂ ಅಲ್ಲೇ ಇದೆ. ನೀವಿಬ್ಬರಿದ್ದಿದ್ದರೆ ದೇಶದಲ್ಲಿ ಕೊಲೆಗಾರರು ಹೆಚ್ಚುತ್ತಿದ್ದರು ಅಂದರು ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್. ಮಿಶ್ನಾ ಆ ಅಧ್ಯಾಯವನ್ನು ಈ ಮಾತಿಗೇ ಮುಗಿಸುತ್ತದೆ. ಯಾರು ಸರಿ ಅಂತ ಹೇಳುವುದಿಲ್ಲ.

ಈಗಿನ ಇಸ್ರೇಲ್ 1954ರಲ್ಲಿ ಸಾಮಾನ್ಯ ಕೊಲೆಗೆ ಮರಣದಂಡನೆ ತೆಗೆದುಹಾಕಿತು. 1962ರಲ್ಲಿ ನಾಜಿ ಐಖ್‌ಮನ್‌ನನ್ನು ಗಲ್ಲಿಗೇರಿಸಿದ್ದು ಬೇರೆ ಕಾನೂನಿನಡಿ.

ರಾತ್ರಿ ಪೂರಿಮ್ ಹಬ್ಬ ಶುರು. ಸಿನಗಾಗಿನಲ್ಲಿ ಎಸ್ತೇರಳ ಕಥೆ ಓದುವಾಗ ಅದರ ಖಳನಾಯಕ ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿರಗಟ್ಲೆ ತಿರುಗಿಸಿ ಗಲಾಟೆ. ಲಾಡ್ಜಿಗೆ ಬಂದು ಮರದ ಮೆಟ್ಟಿಲು ಇಳಿಯುವಾಗ ತಾಲ್ಮುದಿನಲ್ಲಿ ರೇಷ್ ಲಾಕಿಷ್ ಎಂಬ ರಬ್ಬಿ ಹೇಳಿದ ಕಥೆ ನೆನಪಾಯಿತು. ಅವರು ಇದೇ ಊರಿನಲ್ಲಿ ಇದ್ದವರು.

ಇಬ್ಬರು ಕೊಂದಿದ್ದಾರೆ. ಒಬ್ಬ ಬೇಕೆಂದು, ಒಬ್ಬ ತಪ್ಪಿ. ಎರಡಕ್ಕೂ ಸಾಕ್ಷಿಯಿಲ್ಲ. ದೇವರು ಇಬ್ಬರನ್ನೂ ಒಂದೇ ಛತ್ರಕ್ಕೆ ಕರೆತರುತ್ತಾನೆ. ಬೇಕೆಂದು ಕೊಂದವನು ಏಣಿಯ ಕೆಳಗೆ ಕೂತಿದ್ದಾನೆ. ತಪ್ಪಿ ಕೊಂದವನು ಏಣಿ ಇಳಿಯುತ್ತಾನೆ, ಜಾರುತ್ತಾನೆ, ಅವನ ಮೇಲೆ ಬೀಳುತ್ತಾನೆ. ಒಬ್ಬನಿಗೆ ಸಾವು, ಒಬ್ಬನಿಗೆ ಗಡಿಪಾರು. ಇಳಿಯುತ್ತಾನೆ, ನೋಡಿ. ಹತ್ತುವಾಗ ಬಿದ್ದಿದ್ದರೆ ಗಡಿಪಾರು ಇಲ್ಲ, ಕಥೆಯ ಲೆಕ್ಕವೇ ತಪ್ಪುತ್ತಿತ್ತು. ದೇವರೂ ಮಿಶ್ನಾ ಓದಿಕೊಂಡು ಬಂದಿದ್ದಾನೆ.

ಗುರುವಾರ

ಹಬ್ಬದ ದಿನ, ಬಸ್ಸು ಕಡಿಮೆ. ಕಿರ್ಯತ್ ಶ್ಮೋನಾದಿಂದ ಟ್ಯಾಕ್ಸಿ ಮಾಡಿದೆ, ದುಬಾರಿಯಾಯಿತು. ಕೆದೆಷ್ ಲೆಬನಾನ್ ಗಡಿಯ ಹತ್ತಿರದ ಒಂದು ಹಸಿರು ದಿಬ್ಬ. ಮಳೆ ಬೀಳುತ್ತಿತ್ತು. ಕೆಂಪು ಹೂಗಳ ನಡುವೆ ರೋಮನ್ ದೇವಾಲಯದ ಕಲ್ಲುಗಳು. 1997ರಿಂದ ಅಮೆರಿಕದ ತಂಡ ಅಗೆದಾಗ 2000ಕ್ಕೂ ಹೆಚ್ಚು ಮಣ್ಣಿನ ಮುದ್ರೆಗಳು ಸಿಕ್ಕಿದವು. ಅವು ಗ್ರೀಕರ ಕಾಲದ ಕಚೇರಿಯವು. 1948ರವರೆಗೆ ಇಲ್ಲಿ ಕದಸ್ ಎಂಬ ಅರಬ್ ಹಳ್ಳಿಯಿತ್ತು, ಈಗ ಇಲ್ಲ. ಓಡಿ ಬಂದ ಕೊಲೆಗಾರರ ಗುರುತು ನೆಲದಲ್ಲಿ ಏನು ಸಿಗುತ್ತದೆ?

ಈಚೆಯ ಮೂರು ಊರು ಆಚೆಯ ಮೂರಕ್ಕೆ ಎದುರುಬದುರಾಗಿ, ದ್ರಾಕ್ಷಿ ತೋಟದ ಎರಡು ಸಾಲಿನಂತೆ ಇದ್ದವು, ನಡುವಿನ ದೂರ ಸಮವಾಗಿತ್ತು ಎಂದು ತಾಲ್ಮುದ್ ಹೇಳುತ್ತದೆ. ನಕ್ಷೆಯಲ್ಲಿ ಗೆರೆ ಎಳೆದೆ. ಹೆಬ್ರೋನಿನಿಂದ ಶೆಕೆಮಿಗೆ 75 ಕಿ.ಮೀ. ಹತ್ತಿರ, ಅಲ್ಲಿಂದ ಇಲ್ಲಿಗೆ ಸುಮಾರು 100. ಪೂರ್ತಿ ಸಮ ಅಲ್ಲ. ಓಡುವವನಿಗೆ 25 ಕಿ.ಮೀ. ದೊಡ್ಡ ವ್ಯತ್ಯಾಸವೇ.

ಊರು ಮುಟ್ಟಿದ ಮೇಲೆ? ಅದಕ್ಕೂ ನಿಯಮವಿದೆ. ಊರು ತೀರ ದೊಡ್ಡದಿರಬಾರದು, ತೀರ ಚಿಕ್ಕದೂ ಬೇಡ. ನೀರಿರಬೇಕು, ಸಂತೆಯಿರಬೇಕು. ಆಯುಧ ಮಾರುವಂತಿಲ್ಲ. ಶಿಷ್ಯ ಗಡಿಪಾರಾದರೆ ಗುರುವನ್ನೂ ಅವನ ಜೊತೆ ಕಳಿಸಬೇಕು. ಪಾಠವಿಲ್ಲದ ಬದುಕು ಬದುಕಲ್ಲ ಅಂತ. ಊರಿನವರು ಮರ್ಯಾದೆ ಮಾಡಲು ಬಂದರೆ "ನಾನು ಕೊಂದವನು" ಅಂತ ಅವನು ಹೇಳಬೇಕು. ಆದರೂ ಪರವಾಗಿಲ್ಲ ಅಂದರೆ ಒಪ್ಪಿಕೊಳ್ಳಬಹುದು. ಈ ನಿಯಮವನ್ನು ಮಳೆಯಲ್ಲಿ ನಿಂತು ಎರಡು ಸಲ ನೆನೆದೆ. ನನ್ನ ಟೆಂಪೋದವನಿಗೆ ಆ ಮಾತು ಹೇಳಲು ಒಂದು ಸಲವೂ ಅವಕಾಶ ಸಿಗಲಿಲ್ಲ. ಕೋರ್ಟಿನಲ್ಲಿ ಅವನು ಹೇಳಿದ್ದೆಲ್ಲ ನಾನು ಹೇಳಿಕೊಟ್ಟದ್ದು. ಪಕ್ಕದ ಮನೆಯವರಿಗೆ ಏನೂ ಹೇಳಬೇಡ ಅಂತಲೂ ನಾನೇ ಹೇಳಿದ್ದೆ, ಕೇಸಿಗೆ ತೊಂದರೆ ಅಂತ.

ಬಿಡುಗಡೆ ಮಹಾಯಾಜಕ ಸತ್ತ ದಿನ. ಅಲ್ಲಿಯವರೆಗೆ ಹೊರಗೆ ಕಾಲಿಡುವಂತಿಲ್ಲ. ದೇಶಕ್ಕೇ ಬೇಕಾದ, ಯೋವಾಬನಂಥ ಸೇನಾಪತಿಯಾದರೂ ಇಲ್ಲ ಎನ್ನುತ್ತದೆ ಮಿಶ್ನಾ. ಹೆಬ್ರೋನಿನ ಬಾಗಿಲಲ್ಲಿ ಕೊಂದ ಅದೇ ಯೋವಾಬನ ಹೆಸರೇ ಬೇಕಿತ್ತೇ ಉದಾಹರಣೆಗೆ! ಯಾಜಕ ಮುದುಕನಾದರೆ ಶಿಕ್ಷೆ ಆರು ತಿಂಗಳು, ಹರೆಯದವನಾದರೆ ಜೀವಮಾನ. ವಕೀಲನಾಗಿ ಇದನ್ನು ಒಪ್ಪಲು ನನಗೆ ಕಷ್ಟ. ಮಿಶ್ನಾಕ್ಕೆ ಇದರ ಇನ್ನೊಂದು ಮಗ್ಗುಲೂ ಗೊತ್ತಿತ್ತು. ಯಾಜಕರ ತಾಯಂದಿರು ಆಶ್ರಯ ನಗರದವರಿಗೆಲ್ಲ ಊಟ, ಬಟ್ಟೆ ಕಳಿಸುತ್ತಿದ್ದರಂತೆ, ತಮ್ಮ ಮಗ ಬೇಗ ಸಾಯಲಿ ಅಂತ ಅವರು ಪ್ರಾರ್ಥನೆ ಮಾಡದಿರಲಿ ಅಂತ.

ಶುಕ್ರವಾರ

ಜೆರುಸಲೇಮಿನಲ್ಲಿ ಪೂರಿಮ್ ಒಂದು ದಿನ ತಡ. ಹಿಂದೆ ಕೋಟೆಯಿದ್ದ ಊರು ಅನ್ನುವ ಕಾರಣಕ್ಕೆ ಅದಾರ್ ತಿಂಗಳ 15ಕ್ಕೆ. ಬೀದಿ ತುಂಬ ವೇಷದ ಮಕ್ಕಳು, ರಾಜ, ರಾಣಿ, ಒಬ್ಬ ಬಾಳೆಹಣ್ಣು. ಅಜ್ಜ ಕಾಗದದ ಕಿರೀಟ ಹಾಕಿಕೊಂಡು ಕೂತಿದ್ದರು. ಈ ದಿನವೇ ಕೋರ್ಟಿನವರು ಆಶ್ರಯ ನಗರದ ದಾರಿಗಳನ್ನು ರಿಪೇರಿ ಮಾಡಿಸಲು ಜನ ಕಳಿಸುತ್ತಿದ್ದರು ಅಂತ ಮೈಮೋನಿಡೀಸ್ ಬರೆದಿದ್ದಾರೆ, ಗೊತ್ತಾ ಅಂದರು. ಮಳೆಗಾಲ ಮುಗಿಯುವ ಹೊತ್ತು, ಗುಂಡಿ ಬಿದ್ದಿರುತ್ತಿದ್ದವು. ನಮ್ಮ ಲೋಕೋಪಯೋಗಿ ಇಲಾಖೆ ನೆನಪಾಗಿ ನಿಟ್ಟುಸಿರು ಬಿಟ್ಟೆ.

ಏರ್‌ಪೋರ್ಟಿನ ವ್ಯಾನು ಮಧ್ಯಾಹ್ನ. ಅಜ್ಜ ಕೊನೆಯ ಪಾಠ ಅಂತ ಇನ್ನೊಂದು ತೆಗೆದರು. ಹೊಲದಲ್ಲಿ ಹೆಣ ಸಿಕ್ಕಿದೆ, ಕೊಂದವನು ಗೊತ್ತಿಲ್ಲ. ಹತ್ತಿರದ ಊರು ಯಾವುದು ಅಂತ ಅಳೆದು, ಆ ಊರಿನ ಹಿರಿಯರು ಒಂದು ಕಡಸಿನ ಕುತ್ತಿಗೆ ಮುರಿದು, ಕೈ ತೊಳೆದು, 'ಈ ರಕ್ತ ನಮ್ಮ ಕೈ ಸುರಿಸಿದ್ದಲ್ಲ' ಅನ್ನಬೇಕು. ಹಿರಿಯರು ಕೊಲೆಗಾರರು ಅಂತ ಯಾರಿಗಾದರೂ ಅನುಮಾನವೇ, ಮಿಶ್ನಾ ಕೇಳುತ್ತದೆ. ಅವರು ಹೇಳುತ್ತಿರುವುದು ಇಷ್ಟೇ: ಅವನು ನಮ್ಮಲ್ಲಿಗೆ ಬಂದಾಗ ನಾವು ಊಟ ಕೊಡದೆ, ಜೊತೆ ಕೊಡದೆ ಕಳಿಸಲಿಲ್ಲ. ಕೊಲೆಗಳು ಹೆಚ್ಚಾದ ಮೇಲೆ ಆ ವಿಧಿ ನಿಂತಿತು.

"ಅದಕ್ಕೇ ನಾನೂ ಬರುತ್ತೇನೆ, ಬಾಗಿಲು ತೆಗೆ" ಅಂದರು ಅಕ್ಕನಿಗೆ.

"ಹೊರಗೆ ಚಳಿ ಸಾಬಾ." ಸಾಬಾ ಅಂದರೆ ಅಜ್ಜ. ಕೇಳಲಿಲ್ಲ. ಊರೊಳಗೆ ನಾಲ್ಕು ಮೊಳ ದೂರ ಕಳಿಸಿಕೊಟ್ಟರೆ ಸಾಕು, ಕೇಡು ಮುಟ್ಟುವುದಿಲ್ಲ ಅಂತ ತಾಲ್ಮುದಿನಲ್ಲಿದೆಯಂತೆ. ಅಕ್ಕ ಗೊಣಗುತ್ತಲೇ ಗಾಲಿಕುರ್ಚಿ ತಳ್ಳಿದಳು. ಗೇಟು ದಾಟಿತು. ಮಿಕ್ಲಾತ್ ಬೋರ್ಡಿನ ಹತ್ತಿರ ನಿಲ್ಲಿಸಿ, "ನಾಲ್ಕು ಮೊಳ ಆಯ್ತು" ಅಂತ ಬ್ರೇಕ್ ಹಾಕಿದಳು.

"ಅದು ಗೆಳೆಯನಿಗೆ," ಅಂದರು ಅಜ್ಜ, ಕಿರೀಟ ಸರಿಮಾಡಿಕೊಳ್ಳುತ್ತ. "ಗುರು ಶಿಷ್ಯನನ್ನು ಊರಿನ ಅಂಚಿನವರೆಗೆ ಕಳಿಸಬೇಕು. ಬ್ರೇಕ್ ತೆಗೆ."